ಎಮ್ಮೆಯ ತೂಕ

ಜನವರಿ 12

ಅಪ್ಪ,

ಫೋನಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಹೋಯಿತೇ ಹೊರತು ನಿನಗೆ ಕೇಳಿಸಿದ್ದು ‘ಹಲೋ’ ಒಂದೇ. ಪಕ್ಕದ ಮೇಜಿನವರು ಮಾತ್ರ ನಮ್ಮ ಮನೆ ವಿಷಯವನ್ನೆಲ್ಲ ತಿಳಿದುಕೊಂಡರು. ಹಾಗಾಗಿ ಮತ್ತೆ ಕಾಗದಕ್ಕೆ ಬಂದಿದ್ದೇನೆ.

ಮೊನ್ನೆ ನಿನ್ನ ಹಳೆಯ ಉಗ್ರಾಣದಿಂದ ನಮ್ಮ ಆಫೀಸಿಗೆ ಆರು ಮರದ ಪೆಟ್ಟಿಗೆ ಬಂದವು. ಆ ಕಟ್ಟಡವನ್ನು ಕೆಡವುತ್ತಾರಂತೆ. ಅಪಘಾತ ತನಿಖೆಯ ಹಳೆಯ ಸಲಕರಣೆಗಳನ್ನು ತರಬೇತಿ ಕೋಣೆಯ ಗಾಜಿನ ಕಪಾಟಿನಲ್ಲಿ ಜೋಡಿಸಿ, ಒಂದೊಂದಕ್ಕೂ ಚೀಟಿ ಬರೆದು ಅಂಟಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೋಲು ಹಿಡಿದು ತಳ್ಳುವ ಅಳತೆಯ ಚಕ್ರ, ಹಳದಿ ಸೀಮೆಸುಣ್ಣದ ಡಬ್ಬಿ, ಡಿಕ್ಕಿಯಾದಾಗ ದೀಪ ಉರಿಯುತ್ತಿತ್ತೋ ಇಲ್ಲವೋ ಎಂದು ಒಡೆದ ಬಲ್ಬಿನ ತಂತಿ ನೋಡುವ ಭೂತಗನ್ನಡಿ. ಒಂದೊಂದನ್ನು ತೆಗೆದಾಗಲೂ ನಿನ್ನ ಮೇಲಂಗಿಯ ಗ್ರೀಸಿನ ವಾಸನೆ. ಕೊನೆಯ ಪೆಟ್ಟಿಗೆಯಲ್ಲಿ ಯಾರು ಮಲಗಿದ್ದರು ಗೊತ್ತೇ? ನಿನ್ನ ಎಮ್ಮೆ.

ನಮ್ಮ ಹೊಸಬರು ಲೇಸರ್ ಕಾಲದವರು. ಮೂರು ಕಾಲಿನ ಯಂತ್ರ ನಿಲ್ಲಿಸಿ ಗುಂಡಿ ಒತ್ತಿದರೆ ಇಡೀ ರಸ್ತೆ ಚುಕ್ಕಿ ಚುಕ್ಕಿಯಾಗಿ ಕಂಪ್ಯೂಟರಿಗೆ ಇಳಿಯುತ್ತದೆ. ಎಮ್ಮೆಯನ್ನು ನೋಡಿ ಬಿದ್ದು ಬಿದ್ದು ನಕ್ಕರು. “ಟೈರಿನ ತುಂಡಿಗೆ ಸಿಮೆಂಟ್ ತುಂಬಿ ಹಗ್ಗ ಕಟ್ಟಿದ್ದಾರಲ್ಲ ಮೇಡಂ! ಇದು ಉಪಕರಣಾನಾ?”

“ಇದರ ತೂಕ ನಮಗೆ ಗೊತ್ತು,” ಎಂದೆ. “ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಅಪಘಾತವಾದ ರಸ್ತೆಯ ಮೇಲೇ ಎಳೀತೀವಿ. ಎಷ್ಟು ಬಲ ಬೇಕಾಯ್ತು ಅಂತ ಮುಳ್ಳು ಹೇಳುತ್ತೆ. ಆ ಬಲವನ್ನ ತೂಕದಿಂದ ಭಾಗಿಸಿದರೆ ರಸ್ತೆಯ ಹಿಡಿತ. ಹಿಡಿತ ಗೊತ್ತಾದರೆ, ಬ್ರೇಕಿನ ಕಪ್ಪು ಗೆರೆ ಎಷ್ಟುದ್ದ ಇದೆ ನೋಡಿ, ಗಾಡಿ ಎಷ್ಟು ವೇಗದಲ್ಲಿತ್ತು ಅಂತ ಹೇಳಬಹುದು. ಇದನ್ನ ಮಾಡಿದ್ದು ನಮ್ಮಪ್ಪ.”

ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ನಿನ್ನ ಗುಂಡು ಅಕ್ಷರ, ‘15 ಕೆ.ಜಿ.’ ಅಭ್ಯಾಸಬಲ, ತಕ್ಕಡಿಗೆ ಹಾಕಿದೆ. 17.1 ಬಂತು. ಮತ್ತೆ ಹಾಕಿದೆ, ಅಷ್ಟೇ. ಅತ್ತೆಯ ಹಾಗೆ ಇದಕ್ಕೂ ವಯಸ್ಸಾದ ಮೇಲೆ ಮೈ ಬಂದಿತೇ? ಒಂದು ಪಕ್ಕದಲ್ಲಿ ಸೀಳು ತುಂಬಿದ ಗುರುತಿದೆ, ಸೀಸ ಇಣುಕುತ್ತಿದೆ. ಯಾವಾಗ ತುಂಬಿದ್ದು? ಚೀಟಿಯಲ್ಲಿ ಬರೆಯಬೇಕು.

ಅತ್ತೆಯ ಮಂಡಿಗೆ ನನ್ನ ನಮಸ್ಕಾರ.

ನಿನ್ನ ಮಗಳು

*

ಜನವರಿ 27

ಮಗಳೇ,

ಕಾಗದ ತಲುಪಿತು. ನಿನ್ನ ಅತ್ತೆಯ ಮಂಡಿ ನಿನ್ನ ನಮಸ್ಕಾರವನ್ನು ಸ್ವೀಕರಿಸಿದೆ, ಆದರೆ ಬಗ್ಗುತ್ತಿಲ್ಲ. ಅವಳ ಸ್ವಭಾವದ ಹಾಗೆಯೇ.

ಮೆಟ್ಟಿಲ ಕೆಳಗಿನ ನಲ್ಲಿ ಸೋರುತ್ತಿತ್ತು, ನಾನೇ ವಾಷರ್ ಹಾಕಿದೆ. ಸೋರುವ ಸದ್ದು ನನಗೆ ಕೇಳಿಸುವುದಿಲ್ಲ, ಹನಿ ಬೀಳುವುದನ್ನು ಕಂಡು ಗೊತ್ತಾಯಿತು. ಎದುರುಮನೆಯ ನಾಯಿಗೆ ಒಂದು ಕಣ್ಣು ಹೋಗಿದೆ. ಆದರೂ ನನ್ನನ್ನು ಕಂಡರೆ ಬೊಗಳುತ್ತದಂತೆ. ಬಾಯಿ ತೆರೆಯುವುದು ಮಾತ್ರ ನನಗೆ ಕಾಣುತ್ತದೆ.

ಎಮ್ಮೆ ಕಪಾಟಿನಲ್ಲಿಡುವಂಥ ಸಾಮಾನಲ್ಲ. ಅದಕ್ಕಿಂತ ಒಳ್ಳೆಯದನ್ನು ಆಮೇಲೆ ಮಾಡಿದ್ದೆ, ಅದನ್ನಿಡು. ಇದನ್ನು ಗುಜರಿಗೆ ಹಾಕು. ಸೀಳು ಯಾವಾಗ ತುಂಬಿದ್ದು ನೆನಪಿಲ್ಲ. ತೂಕ ಹೆಚ್ಚಾಗಿದ್ದರೆ ಸಿಮೆಂಟು ನೀರು ಕುಡಿದಿರಬಹುದು.

ಚಳಿ ಇದೆ. ಸ್ವೆಟರ್ ಹಾಕಿಕೊ.

ಅಪ್ಪ

*

ಫೆಬ್ರುವರಿ 9

ಅಪ್ಪ,

ಎರಡು ಕಿಲೋ ನೀರು ಕುಡಿಯುವ ಸಿಮೆಂಟು ಎಲ್ಲಿಯೂ ಇಲ್ಲ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಅದೇ ಪೆಟ್ಟಿಗೆಯ ತಳದಲ್ಲಿ ಉಗ್ರಾಣದ ರಿಜಿಸ್ಟರ್ ಸಿಕ್ಕಿತು. ಹತ್ತೊಂಬತ್ತು ವರ್ಷದ ಹಿಂದಿನ ಮೂರು ಸಾಲುಗಳನ್ನು ಇಲ್ಲಿ ಇಳಿಸುತ್ತಿದ್ದೇನೆ. ಮೂರೂ ನಿಮ್ಮ ಉಗ್ರಾಣದ್ದು, ಒಂದು ಮತ್ತು ಮೂರನೆಯದು ನಿಮ್ಮ ಕೈಬರಹ.

ಸೆಪ್ಟೆಂಬರ್ 3. ಜೀಪಿನಿಂದ ಬಿದ್ದು ಸೀಳಿದೆ. ಸೀಸ, ಸಿಮೆಂಟು ತುಂಬಿ ಒಣಗಲು ಇಟ್ಟಿದೆ. (ತೂಕ ಬರೆಯುವ ಕಾಲಂ ಖಾಲಿ.)

ಸೆಪ್ಟೆಂಬರ್ 9. ಬಳಕೆಗೆ ಹೊರಗೆ ಹೋಗಿದೆ. ಗಿರಣಿಯ ಮುಂದಿನ ರಸ್ತೆ, ಬ್ರೆಡ್ ವ್ಯಾನ್.

ಜನವರಿ 18. ಚಕ್ಕೆ ಎದ್ದಿದೆ. ಬಳಕೆಗೆ ಅಯೋಗ್ಯ.

ಸೆಪ್ಟೆಂಬರ್ 9 ಯಾವ ದಿನವೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಅಮ್ಮ ಹೋದ ದಿನ. ಜನವರಿ 17ರಂದು ನಾನೂ ನೀವೂ ಕೋರ್ಟಿನಲ್ಲಿದ್ದೆವು. ಅಪಘಾತದ ಜಾಗವನ್ನು ಅಳೆದ ಸರ್ವೆಯವರು ಸಾಕ್ಷಿ ಹೇಳಿದ ದಿನ ಅದು. ಅದರ ಮಾರನೆಯ ದಿನವೇ ಎಮ್ಮೆ ಅಯೋಗ್ಯವಾಯಿತು. ನಾನು ಅದರ ಮೈಮೇಲೆಲ್ಲ ಬೆರಳಾಡಿಸಿದೆ. ಎಲ್ಲಿಯೂ ಚಕ್ಕೆ ಎದ್ದಿಲ್ಲ.

ಕೋರ್ಟಿನ ಕಡತವನ್ನೂ ತರಿಸಿಕೊಂಡೆ. ಎಳೆತ 12 ಕಿಲೋ, ತೂಕ 15, ಹಿಡಿತ 0.80. ಬ್ರೇಕಿನ ಗುರುತು ಹತ್ತೊಂಬತ್ತೂವರೆ ಮೀಟರ್. ವೇಗ ಗಂಟೆಗೆ 63. ಅಲ್ಲಿಯ ಮಿತಿ 60. ‘ಮಿತಿ ಮೀರಿದ ವೇಗವೇ ಸಾವಿಗೆ ಕಾರಣ’ ಎಂದು ವ್ಯಾನ್ ಓಡಿಸುತ್ತಿದ್ದವನಿಗೆ ಮೂರು ವರ್ಷ ಜೈಲು, ಮತ್ತೆಂದೂ ಲೈಸೆನ್ಸ್ ಇಲ್ಲ.

ತೂಕ 17.1 ಎಂದು ಹಾಕಿದರೆ ಹಿಡಿತ 0.70. ವೇಗ 59.

ನಾಲ್ಕು ಸಲ ಲೆಕ್ಕ ಮಾಡಿದೆ. ಇದನ್ನು ಮೇಲಿನವರಿಗೆ ತಿಳಿಸದೆ ಇರುವಂತಿಲ್ಲ. ಆದರೆ ತಿಳಿಸುವ ಮೊದಲು ನಿಮ್ಮಿಂದ ಕೇಳಬೇಕು. ನಿಮಗೆ ಗೊತ್ತಿತ್ತೇ?

ನಿಮ್ಮ ಮಗಳು

*

ಮಾರ್ಚ್ 2

ಏನೇ ಕಡ್ಡಿ,

ನಾನು ನಿನ್ನ ಅತ್ತೆ. ಕಾಗದ ಬರೆದು ಯುಗವಾಯ್ತು, ಅಕ್ಷರ ಸೊಟ್ಟಗಿದ್ದರೆ ನೇರ ಮಾಡಿಕೊಂಡು ಓದು.

ನಿನ್ನ ಅಪ್ಪನಿಗೆ ಏನು ಬರೆದೆ? ಮೂರು ವಾರದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾನೆ. ಮೊದಲೇ ಕಿವಿ ಇಲ್ಲ, ಈಗ ಬಾಯೂ ಇಲ್ಲ. ನಾನು ಗೋಡೆ ಜೊತೆ ಸಂಸಾರ ಮಾಡಬೇಕಾ? ಊಟ ಎರಡು ತುತ್ತು. ಅದೂ ನಾನು ಬಯ್ದರೆ. ಮತ್ತೆ ಒಂದು ಹೊಸ ಹುಚ್ಚು ಹಿಡಿದಿದೆ. ಅಡುಗೆಮನೆ ತಕ್ಕಡಿ ಇಟ್ಟುಕೊಂಡು ಸಿಕ್ಕಿದ್ದೆಲ್ಲ ತೂಗ್ತಾನೆ. ಸೋಪು, ಉಪ್ಪಿನ ಡಬ್ಬಿ, ನನ್ನ ಕನ್ನಡಕ. ಚೀಟಿ ಮೇಲೆ ಬರೆದು ಬರೆದು ಹರಿದು ಹಾಕ್ತಾನೆ. “ನನ್ನನ್ನೂ ಒಂದು ಸಲ ತೂಗಿಬಿಡು, ತಕ್ಕಡಿ ಉಳಿದರೆ ನೋಡೋಣ” ಅಂತ ಕಿವಿ ಹತ್ರ ಕೂಗಿದೆ. ನಗಲಿಲ್ಲ ಕಣೇ.

ನಿನ್ನ ಅಮ್ಮನ ವಿಷಯ ಏನಾದ್ರೂ ಕೆದಕಿದ್ರೆ, ಬಿಟ್ಟುಬಿಡು. ಹದಿನಾರನೇ ವರ್ಷದಿಂದ ನಿನ್ನ ತಲೆ ಬಾಚಿದವಳು ನಾನು. ನಿನಗೆ ಕೆಟ್ಟದ್ದು ಹೇಳ್ತೀನಾ? ಮಾಗಿದ ಗಾಯ ಕೆರೆದರೆ ರಕ್ತ ಬರುತ್ತೆ, ಬುದ್ಧಿ ಬರಲ್ಲ.

ಇನ್ನೊಂದು ಮಾತು. ಒಂದು ಲಕೋಟೆ ಅಂಟಿಸಿಕೊಂಡು ಅಂಚೆ ಡಬ್ಬಿ ತನಕ ಹೋಗಿ ವಾಪಸ್ ಬಂದ. ಎರಡು ಸಲ. ಕಿಟಕಿಯಿಂದ ನೋಡಿದೆ. ಡಬ್ಬಿ ಮುಂದೆ ನಿಂತು ಅದರ ಬಾಯೊಳಗೆ ಇಣುಕಿ ನೋಡ್ತಾನೆ, ಅಲ್ಲಿ ಯಾರೋ ಇದ್ದಾರೆ ಅನ್ನೋ ಹಾಗೆ.

ಅವನು ನನ್ನ ತಮ್ಮ. ಅವನಿಗೆ ಎಪ್ಪತ್ತಮೂರು. ಅಷ್ಟು ನೆನಪಿಟ್ಟುಕೊಂಡು ಬರಿ.

ಅತ್ತೆ

*

ಮಾರ್ಚ್ 20

ಮಗಳೇ,

ನಿನ್ನ ಕಾಗದದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಲೆಕ್ಕವಲ್ಲ. ಮಾತು ಕಲಿತಾಗಿನಿಂದ ‘ನೀನು’ ಅನ್ನುತ್ತಿದ್ದವಳು ‘ನೀವು’ ಎಂದು ಬರೆದಿದ್ದೆ. ಸರಿ. ಅಧಿಕಾರಿಗೆ ಹೇಳುವ ಹಾಗೆಯೇ ಹೇಳುತ್ತೇನೆ.

ನಿನ್ನ ಲೆಕ್ಕ ಸರಿಯಾಗಿದೆ. ನನಗೆ ಗೊತ್ತಿತ್ತು. ಯಾವಾಗ ಗೊತ್ತಾಯಿತು ಅನ್ನುವುದನ್ನು ಮಾತ್ರ ಕ್ರಮವಾಗಿ ಓದು.

ಸೀಳು ತುಂಬಿದ ದಿನವೇ ತೂಗುವ ಹಾಗಿಲ್ಲ. ಹಸಿ ಸಿಮೆಂಟಿನಲ್ಲಿ ನೀರಿರುತ್ತದೆ, ತೂಕ ಸುಳ್ಳು ಬರುತ್ತದೆ. ಏಳು ದಿನ ಒಣಗಿಸಿ, ತೂಗಿ, ಹಳೆಯ ಅಂಕೆ ಕೆರೆದು ಹೊಸದು ಬರೆಯಬೇಕು. ‘ತೂಗದೆ ಎಮ್ಮೆ ಹೊಸಿಲು ದಾಟಬಾರದು’ ಅಂತ ಉಗ್ರಾಣದ ಗೋಡೆಯ ಮೇಲೆ ಬರೆದಿಟ್ಟವನು ನಾನೇ. ಒಣಗಲು ಇಟ್ಟ ಮಾರನೆಯ ದಿನದಿಂದ ರಜೆ ಹಾಕಿದೆ, ನಿನ್ನ ಅಮ್ಮನಿಗೋಸ್ಕರ. ‘ಅಮ್ಮನಿಗೆ ರಕ್ತ ಕಡಿಮೆ’ ಅಂತ ನಿನಗೆ ಹೇಳಿದ್ದೆವು. ರಕ್ತ ಸರಿಯಾಗಿಯೇ ಇತ್ತು. ತಿಂಗಳುಗಟ್ಟಲೆ ನಿದ್ದೆ ಇರಲಿಲ್ಲ, ಮಾತು ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕಿ ಹರಿದು ನೆಲಕ್ಕೆ ಬರುವುದನ್ನು ನೋಡುತ್ತ ನಿಂತಿರುತ್ತಿದ್ದಳು.

ಆ ದಿನ ಬೆಳಗ್ಗೆ ತಲೆ ಬಾಚಿಕೊಂಡು ಬಂದಳು. “ಇವತ್ತು ಪರವಾಗಿಲ್ಲ. ನೀವು ಡ್ಯೂಟಿಗೆ ಹೋಗಿ. ನಾನು ಸ್ವಲ್ಪ ನಡೆದು ಬರ್ತೀನಿ,” ಅಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಶೂಗೆ ಪಾಲಿಶ್ ಹಾಕುತ್ತ ಕೂತೆ. ಎರಡನೆಯ ಶೂ ಮುಗಿಯುವುದರೊಳಗೆ ಯಾರೋ ಬಾಗಿಲು ಬಡಿದರು.

ಆಸ್ಪತ್ರೆಯ ಕಾರಿಡಾರಿಗೆ ನಮ್ಮ ಸರ್ವೆಯವನು ಬಂದು ತಲೆ ತಗ್ಗಿಸಿ ನಿಂತ. “ಅಣ್ಣಾ, ಕ್ಷಮಿಸಿ. ಉಗ್ರಾಣದ ಬೀಗದ ಕೈ ನಿಮ್ಮ ಹತ್ರಾನೇ ಇದೆ.” ಜೇಬಿನಿಂದ ತೆಗೆದು ಕೊಟ್ಟೆ. ಎಮ್ಮೆ ಇನ್ನೂ ತೂಗಿಲ್ಲ ಅನ್ನುವುದು ಆಗ ನೆನಪಾಗಲಿಲ್ಲ. ಇದನ್ನು ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ನೆನಪಾದದ್ದು ಕೋರ್ಟಿನಲ್ಲಿ. ಅವನು ವರದಿ ಓದುತ್ತ ‘ತೂಕ ಹದಿನೈದು’ ಅಂದ. ನೀನು ಪಕ್ಕದಲ್ಲಿ ನನ್ನ ತೋಳು ಹಿಡಿದು ಕೂತಿದ್ದೆ. ಎದ್ದೇಳು ಅಂತ ಮಂಡಿಗೆ ಹೇಳಿದೆ. ಏಳಲಿಲ್ಲ.

ಕೆಲಸ ಹೋಗುತ್ತದೆ ಅಂತ ಹೆದರಿದ್ದಲ್ಲ. ಅದಕ್ಕೆ ಸ್ವಲ್ಪ ಮೊದಲು ವ್ಯಾನಿನವನು ಕಟಕಟೆಯಲ್ಲಿ ಏನಂದ ನಿನಗೆ ನೆನಪಿದೆಯೇ? “ಆ ಯಮ್ಮ ನೋಡ್ತಾನೇ ರಸ್ತೆಗೆ ಇಳಿದರು ಸ್ವಾಮಿ.” ವಕೀಲ ನಕ್ಕ. “ಹಾಗಾದರೆ ತಪ್ಪು ಸತ್ತವರದ್ದೋ?” ಅಂದ. ಬೆಂಚಿನ ಮೇಲೆ ಕೂತಿದ್ದ ಜನರೂ ನಕ್ಕರು. ವ್ಯಾನಿನ ವೇಗ ಸರಿಯಾಗಿತ್ತು ಅಂದರೆ ಉಳಿಯುವುದು ಒಂದೇ ಪ್ರಶ್ನೆ. ಅವಳು ಯಾಕೆ ಇಳಿದಳು? ಕಾಲು ತಪ್ಪಿತೋ, ಮನಸ್ಸು ತಪ್ಪಿತೋ? ಆ ಪ್ರಶ್ನೆಯನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಕ್ಕಿಂತ ಗುರುತಿಲ್ಲದ ಒಬ್ಬನ ತಲೆಗೆ ನಾಲ್ಕು ಕಿಲೋಮೀಟರ್ ಕಟ್ಟುವುದು ಸುಲಭವಾಯಿತು. ನಿನಗೋಸ್ಕರ ಅಂತ ಹೇಳಿಕೊಂಡೆ. ನಿನಗಷ್ಟೇ ಅಲ್ಲ. ಶೂಗೆ ಪಾಲಿಶ್ ಹಾಕುತ್ತ ಕೂತಿದ್ದವನಿಗೂ ಅದೇ ಬೇಕಾಗಿತ್ತು.

ಮಾರನೆಯ ದಿನ ತೂಗಿದೆ. ಮೂಲೆಗೆ ತಳ್ಳಿದೆ. ಬೇರೆ ಯಾವ ಕೇಸಿಗೂ ಅದು ಹೋಗದ ಹಾಗೆ ಹೊಸದೊಂದು ಮಾಡಿದೆ. ಸುತ್ತಿಗೆ ತೆಗೆದುಕೊಂಡು ಎರಡೇಟು ಹಾಕಿದ್ದರೆ ಪುಡಿಯಾಗುತ್ತಿತ್ತು. ಹಾಕಲಿಲ್ಲ. ಯಾರಾದರೂ ಒಂದು ದಿನ ತೂಗಲಿ ಅಂತಿತ್ತೋ ಏನೋ. ಅದು ನೀನೇ ಆಗುತ್ತೀಯ ಅಂದುಕೊಂಡಿರಲಿಲ್ಲ.

ಮೇಲಿನವರಿಗೆ ಕಳಿಸು. ಇದರ ಕೆಳಗೆ ಸಹಿ ಹಾಕಿದ್ದೇನೆ, ಹೇಳಿಕೆ ಅಂತಲೇ ಇಟ್ಟುಕೊ.

ನಿನ್ನ ಅಪ್ಪ

*

ಏಪ್ರಿಲ್ 30

ಅಪ್ಪ,

ನಿಮ್ಮ ಹೇಳಿಕೆಯನ್ನು ಕಳಿಸಿದೆ. ಅದಕ್ಕೆ ನಾನೇನೂ ಉತ್ತರ ಬರೆಯಲಿಲ್ಲ, ಬರೆಯಲು ಕೂತಾಗಲೆಲ್ಲ ಆ ಹಾಲಿನ ಪಾತ್ರೆ ಎದುರಿಗೆ ಬರುತ್ತಿತ್ತು. ನೆಲ ಒರೆಸುತ್ತಿದ್ದವಳು ನಾನೇ. ಒಮ್ಮೆ ಅಮ್ಮನ ಮೇಲೆ ರೇಗಿದ್ದೆ ಕೂಡ.

ಹೋದ ವಾರ ವ್ಯಾನ್ ಓಡಿಸುತ್ತಿದ್ದವರನ್ನು ಕಂಡೆ. ಲಾರಿ ನಿಲ್ದಾಣದ ಹಿಂದೆ ತಗಡಿನ ಶೆಡ್ಡಿನಲ್ಲಿ ಟಾರ್ಪಾಲಿನ್ ಹೊಲಿಯುತ್ತಾರೆ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, “ಅಳತೆ ತಂದಿದ್ದೀರಾ?” ಅಂದರು. ನಾನು ಯಾರ ಮಗಳು ಎಂದು ಹೇಳಿದೆ. ಹೊಲಿಗೆ ಯಂತ್ರ ನಿಂತಿತು.

ಎಲ್ಲವನ್ನೂ ಹೇಳಿದೆ, ಎಮ್ಮೆ, ಸೀಸ, 17.1. ಸಿಟ್ಟಿಗೇಳುತ್ತಾರೆ ಅಂದುಕೊಂಡಿದ್ದೆ. “ಐವತ್ತೊಂಬತ್ತು ಅಂದ್ರಾ?” ಎಂದು ಎರಡು ಸಲ ಕೇಳಿದರು. ಆಮೇಲೆ ಹೇಳಿದರು, “ಅರವತ್ತು ದಾಟಿರಲಿಲ್ಲ ಅಂತ ಮೊದಮೊದಲು ಎಲ್ಲರ ಹತ್ರ ಜಗಳ ಆಡ್ತಿದ್ದೆ. ನನ್ನ ಹೆಂಡತಿ ಹತ್ರಾನೂ. ಬರಬರ್ತಾ ನನಗೇ ಅನುಮಾನ ಬಂತು. ಯಂತ್ರ ಸುಳ್ಳು ಹೇಳುತ್ತಾ? ನಾನೇ ಹೋಗಿದ್ದೆನೇನೋ ಅಂತ ಒಪ್ಪಿಕೊಂಡುಬಿಟ್ಟೆ. ಅವಳಿಗೂ ಹಾಗೇ ಹೇಳಿದೆ, ಹೌದು ಕಣೆ, ಜೋರಾಗೇ ಹೋಗ್ತಿದ್ದೆ ಅಂತ. ಅದನ್ನ ನಂಬಿಕೊಂಡೇ ಅವಳು ತೀರಿಹೋದಳು.”

ಬರೆದುಕೊಡಿ ಎಂದರು. ಕತ್ತರಿಸಿ ಬಿದ್ದಿದ್ದ ಟಾರ್ಪಾಲಿನ್ ಚೂರಿನ ಮೇಲೆ ಅವರ ಸೀಮೆಸುಣ್ಣದಿಂದಲೇ 59 ಎಂದು ಬರೆದೆ. ಅಳಿಸಿಹೋಗದ ಹಾಗೆ ಮಡಿಸಿ ಜೇಬಿಗೆ ಹಾಕಿಕೊಂಡರು. ಮತ್ತೆ ಹೊಲಿಯತೊಡಗಿದರು. ನಾನು ಬಂದೆ.

ಪುನರ್ ಪರಿಶೀಲನೆಯ ಅಧಿಕಾರಿ ಜೂನ್ 28ಕ್ಕೆ ದಿನ ಕೊಟ್ಟಿದ್ದಾರೆ. ಎಮ್ಮೆಯನ್ನು ಎಲ್ಲರೆದುರು ತೂಗುತ್ತಾರೆ. ನೀವು ಬರಬೇಕಾಗುತ್ತದೆ.

ನಿಮ್ಮ ಮಗಳು

*

ಮೇ 11

ಮಗಳೇ,

ಬರುತ್ತೇನೆ.

ತೂಗಿದ ಮೇಲೆ ಗಿರಣಿಯ ರಸ್ತೆಗೆ ಕರೆದುಕೊಂಡು ಹೋಗಬೇಕು, ಎಮ್ಮೆಯನ್ನು ಅಲ್ಲಿ ನಾನೇ ಎಳೆಯಬೇಕು ಅಂತ ನಿಮ್ಮ ಅಧಿಕಾರಿಗೆ ಬರೆದಿದ್ದೆ. ಡಾಂಬರು ಮೂರು ಸಲ ಬದಲಾಗಿದೆ, ಈಗ ಎಳೆದು ಬರುವ ಅಂಕೆಗೆ ಬೆಲೆ ಇಲ್ಲ ಅಂತ ಉತ್ತರ ಬಂತು. ಮೂವತ್ತು ವರ್ಷ ಇದೇ ಕೆಲಸದಲ್ಲಿದ್ದವನಿಗೆ ಅದು ಗೊತ್ತಿಲ್ಲವೇ? ಮತ್ತೆ ಬರೆದೆ. ಒಪ್ಪಿದ್ದಾರೆ. ಮುದುಕನ ಹಟ ಅಂದುಕೊಂಡಿರಬೇಕು.

ಬೆನ್ನ ಮೇಲಿನ 15 ಅನ್ನು ಯಾರೂ ಅಳಿಸದ ಹಾಗೆ ನೋಡಿಕೊ.

ನಿನ್ನ ಅತ್ತೆ ಪ್ರಯಾಣಕ್ಕೆ ಈಗಲೇ ಬ್ರೆಡ್ಡು, ಮಾತ್ರೆ, ಎರಡು ಟವೆಲು ಕಟ್ಟಿಟ್ಟಿದ್ದಾಳೆ. ಇನ್ನೂ ಒಂದೂವರೆ ತಿಂಗಳಿದೆ ಅಂದರೆ, “ನಿನಗೆ ಎಲ್ಲವೂ ತಡವಾಗಿಯೇ ನೆನಪಾಗೋದು,” ಅಂದಳು. ಅವಳಿಗೆ ಎಲ್ಲ ಹೇಳಿದ್ದೇನೆ.

ಅಪ್ಪ

*

ಜುಲೈ 3

ಅಪ್ಪ,

ನೀನು ಕ್ಷೇಮವಾಗಿ ತಲುಪಿದೆ ಎಂದು ಅತ್ತೆ ತಿಳಿಸಿದಳು. ಬೆನ್ನು ನೋವಿಗೆ ಬಿಸಿನೀರಿನ ಚೀಲ ಇಟ್ಟುಕೊ.

ಆ ದಿನ ನೀನು ನೆಲ ನೋಡುತ್ತ ಬಗ್ಗಿ ಎಳೆಯುತ್ತಿದ್ದೆ. ನಿನ್ನ ಹಿಂದೆ ನಡೆದದ್ದು ನಿನಗೆ ಕಂಡಿಲ್ಲ, ಕೇಳಿಸಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತಕ್ಕಡಿ 17.1 ತೋರಿಸಿದಾಗಲೂ ವ್ಯಾನ್ ಓಡಿಸುತ್ತಿದ್ದವರ ಮುಖದಲ್ಲಿ ಏನೂ ಬದಲಾಗಲಿಲ್ಲ. ರಸ್ತೆಗೆ ಬಂದರು. ಎರಡೂ ಕಡೆ ವಾಹನ ತಡೆದಿದ್ದರು, ಹಾರ್ನ್ ಹೊಡೆಯುತ್ತಿದ್ದರು. ಗಿರಣಿಯ ಗೋಡೆಯ ಹತ್ತಿರ ನೀನು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡೆ. ಐದನೆಯ ಹೆಜ್ಜೆಗೆ ನೀನು ಮುಗ್ಗರಿಸಿದೆ. ಹಗ್ಗ ತೆಗೆದುಕೊಳ್ಳಲು ನಾನು ಮುಂದೆ ಬಂದೆ. ಅವರು ನನ್ನ ಪಕ್ಕದಲ್ಲೇ ಎರಡೂ ಕೈ ಜೇಬಿನಲ್ಲಿಟ್ಟು ನಿಂತಿದ್ದರು.

“ಎಳೀಲಿ ಬಿಡಿ,” ಎಂದರು.

ಜೋರಾಗಿ ಹೇಳಲಿಲ್ಲ. ನಾನು ನಿಂತೆ. ನೀನು ಹತ್ತೊಂಬತ್ತೂವರೆ ಮೀಟರನ್ನೂ ಎಳೆದೆ. ಎಮ್ಮೆ ಡಾಂಬರಿನ ಮೇಲೆ ಉಜ್ಜುವ ಸದ್ದು ನಿನಗೆ ಕೇಳಿಸಿರಲಾರದು. ಯಾರೋ ಹಲ್ಲು ಕಡಿದ ಹಾಗೆ.

ಆಮೇಲೆ ನೀನು ನೇರ ಅವರ ಹತ್ತಿರ ಬಂದೆ. ಕ್ಷಮೆ ಕೇಳುತ್ತೀಯ ಎಂದು ಅಧಿಕಾರಿಯೂ ನಾನೂ ಕಾದೆವು. ನೀನು ಕೇಳಿದ್ದು, “ಅವಳು ನಿಮ್ಮನ್ನ ನೋಡಿದಳಾ?” ಅವರು ಉತ್ತರ ಹೇಳಿದರು. ನೀನು ಕಿವಿಗೆ ಕೈ ಇಟ್ಟುಕೊಂಡು ನನ್ನ ಕಡೆ ತಿರುಗಿ, “ಏನಂದರು?” ಎಂದೆ. ನಾನು, “ಆಮೇಲೆ ಹೇಳ್ತೀನಿ,” ಎಂದೆ. ಬಸ್ಸಿನ ಕಿಟಕಿಯಿಂದ ಮತ್ತೆ ಕೇಳಿದೆ. ನಾನು ಕೈ ಬೀಸಿದೆ.

ನಿನಗೆ ಕೇಳಿಸಬೇಕಾದರೆ ಕೂಗಿ ಹೇಳಬೇಕು. ಆ ಮಾತನ್ನು ಆ ರಸ್ತೆಯಲ್ಲಿ ನಿಂತು ಕೂಗುವುದು ನನ್ನಿಂದಾಗಲಿಲ್ಲ. ಮನೆಗೆ ಬಂದ ಮೇಲೆ ಬರೆಯೋಣ ಎಂದುಕೊಂಡೆ. ಒಂದು ದಿನ ಬಿಟ್ಟೆ, ಎರಡು ದಿನ ಬಿಟ್ಟೆ. ಬರೆಯದೆಯೂ ಇರಬಹುದು ಎಂದು ಮೂರನೆಯ ದಿನ ಅನ್ನಿಸಿತು. ‘ನೋಡಲಿಲ್ಲವಂತೆ, ಕಾಲು ಜಾರಿದ್ದಂತೆ’ ಎಂದು ಒಂದು ಸಾಲು ಬರೆದರೆ ನಿನಗೆ ನಿದ್ದೆ ಬರುತ್ತದೆ. ನಿನಗೋಸ್ಕರ ಎಂದು ನಾನೂ ಹೇಳಿಕೊಂಡೆ. ಸುಮ್ಮನಿರುವುದು ಎಷ್ಟು ಸುಲಭ ಎಂದು ಈ ಐದು ದಿನದಲ್ಲಿ ನನಗೂ ಗೊತ್ತಾಯಿತು ಅಪ್ಪ.

ಅವರು ಹೇಳಿದ್ದು ಇದು:

“ನೋಡಿದರು. ಹೆದರಿದ ಮುಖ ಅಲ್ಲ. ಬಹಳ ಹೊತ್ತಿಂದ ಬಸ್ಸಿಗೆ ಕಾಯ್ತಾ ಇರೋರು, ಸದ್ಯ ಬಂತಲ್ಲ ಅಂತ ಕೆಳಗೆ ಇಳೀತಾರಲ್ಲ, ಹಾಗೆ ಇಳಿದರು.”

ಇದಕ್ಕೆ ನಾನು ಗುಲಗಂಜಿಯಷ್ಟೂ ಕೂಡಿಸಿಲ್ಲ, ಕಳೆದಿಲ್ಲ.

ನಿನ್ನ ಮಗಳು